ಬೆಲೆ ಕಟ್ಟಲು ಬಂದವನು

ಚಾಮರಾಜನ ಕಷ್ಟಕ್ಕೆಲ್ಲ ಮೂಲ ಅವನ ಹೆಂಡತಿ ವಿನೋದಿನಿಯ ಶುಚಿತ್ವ. ಕೊರೊನಾ ಬಂದಾಗಿನಿಂದ ಲೂಕನ್ ಎಂಬ ಐರಿಶ್ ಊರಿನ ಅವರ ಬಾಡಿಗೆ ಮನೆಗೆ ಬಂದ ಯಾವ ಕಾಗದವೂ ನೇರವಾಗಿ ಒಳಗೆ ಕಾಲಿಡುವಂತಿರಲಿಲ್ಲ. ಮೈಮೇಲೆ ಸ್ಯಾನಿಟೈಸರ್ ಹೊಡೆಸಿಕೊಂಡು, ಹಿತ್ತಲಿನ ಶೆಡ್ಡಿನಲ್ಲಿ ಮೂರು ದಿನ ಕ್ವಾರಂಟೈನ್ ಮುಗಿಸಿಯೇ ಅದು ಮನೆಯವರ ಕೈ ಸೇರಬೇಕು. ಹಾಗಾಗಿ ಸೋಮವಾರ ಬಂದ ಬ್ಯಾಂಕಿನ ಪತ್ರವನ್ನು ಚಾಮರಾಜ ಒಡೆದದ್ದು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ.

ಮನೆ ಮಾಲೀಕ ಡೆಕ್ಲನ್ ಸಾಲದ ಕಂತು ಕಟ್ಟಿಲ್ಲವಂತೆ. ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಳ್ಳುವ ಯೋಚನೆಯಲ್ಲಿದೆಯಂತೆ. ಅದಕ್ಕೂ ಮುಂಚೆ ಬೆಲೆ ಕಟ್ಟಲು ಒಬ್ಬರು ಬರುತ್ತಾರೆ, ಬಾಡಿಗೆದಾರರು ದಯವಿಟ್ಟು ಸಹಕರಿಸಬೇಕು. ಗುರುವಾರ, ಮಧ್ಯಾಹ್ನ ಮೂರು ಗಂಟೆ.

"ಇವತ್ತೇ ಗುರುವಾರ ಕಣೇ!" ಎಂದು ಕೂಗಿದ.

ಆರು ವರ್ಷದಿಂದ ಇದೇ ಮನೆ. ಮಗಳು ಅದಿತಿಯ ಸ್ಕೂಲು ನಡೆದರೆ ಐದು ನಿಮಿಷ. ಲೂಕನ್ನಿನಲ್ಲಿ ಒಂದು ಮನೆ ಖಾಲಿ ಎಂದರೆ ಬಾಗಿಲಿಗೆ ನಲವತ್ತು ಜನ ನಿಲ್ಲುತ್ತಿದ್ದರು. ಈಗ ರೋಗದ ಭಯ ಬೇರೆ. ಈ ಮನೆ ಕೈಬಿಟ್ಟರೆ ಹೆಂಡತಿ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಅವನು ಆಫೀಸಿನ ಮೀಟಿಂಗನ್ನು ಮ್ಯೂಟ್ ಮಾಡಿ ಹಿತ್ತಲಿಗೆ ಓಡಿದ.

ಬೇಲಿಯಾಚೆ ಪಕ್ಕದ ಮನೆಯ ಶ್ರೀರಾಮ ಕಾಫಿ ಕುಡಿಯುತ್ತ ನಿಂತಿದ್ದ. ಈ ದೇಶಕ್ಕೆ ಬಂದು ಹದಿನೈದು ವರ್ಷವಾಗಿದ್ದರಿಂದ ತನಗೆ ತಿಳಿಯದ ಕಾನೂನಿಲ್ಲ ಎಂದು ನಂಬಿದ್ದವನು. ಕೇಳದಿದ್ದರೂ ಸಲಹೆ ಕೊಡುತ್ತಿದ್ದ. ಕೇಳಿದರಂತೂ ಬಿಡುತ್ತಲೇ ಇರಲಿಲ್ಲ.

"ಸಿಂಪಲ್ಲು ಚಾಮಣ್ಣ. ಮನೆಗೆ ಬೆಲೆ ಬಂದ್ರೆ ತಾನೆ ಬ್ಯಾಂಕಿನೋರು ಕೈ ಹಾಕೋದು? ಕಿತ್ತೋಗಿರೋ ಮನೆ ಯಾರಿಗೆ ಬೇಕು? ಮೂರು ಗಂಟೆಯೊಳಗೆ ಮನೇನ ಕೆಡಿಸಿಬಿಡು."

"ಕೆಡಿಸೋದು ಅಂದ್ರೆ?"

"ಬಲ್ಬು ಬಿಚ್ಚು. ಕಸದ ಡಬ್ಬ ನಡುಮನೇಲಿಡು. ನಮ್ಮ ಅಡುಗೆ ವಾಸನೆ ಗಮ್ ಅನ್ನಬೇಕು. ಅವನು ಒಳಗೆ ಬಂದೇಟಿಗೆ ಓಡೋಗಬೇಕು ಕಣಯ್ಯ."

ಚಾಮರಾಜ ಕೆಲಸಕ್ಕೆ ನಿಂತ. ಆದರೆ ಅವನು ಒಂದು ಕೋಣೆ ಕೆಡಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಿಂದೆಯೇ ವಿನೋದಿನಿ ಬಂದು ಸರಿಮಾಡುತ್ತಿದ್ದಳು. ಅವನು ಬಿಚ್ಚಿದ ಬಲ್ಬನ್ನು ಒರೆಸಿ ಮತ್ತೆ ಹಾಕಿದಳು.

"ವಿನೋದಿನಿ, ಏನ್ ಮಾಡ್ತಿದೀಯ?"

"ಅವನು ಬ್ಯಾಂಕಿನೋನೇ ಆಗ್ಲಿ ರೀ, ಮನೆಗೆ ಬರೋನು. ಇಂಡಿಯಾದೋರ ಮನೆ ಗಲೀಜು ಅಂತ ಊರೆಲ್ಲ ಹೇಳ್ಕೊಂಡು ಬಂದ್ರೆ? ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

ಹೀಗೆ ಹನ್ನೆರಡು ಗಂಟೆಯಾದರೂ ಮನೆ ಮೊದಲಿಗಿಂತ ಚೊಕ್ಕಟವಾಗಿಯೇ ಇತ್ತು. ಇನ್ನು ಉಳಿದದ್ದು ವಾಸನೆಯೊಂದೇ. ಚಾಮರಾಜ ಅಡುಗೆಮನೆ ಹೊಕ್ಕು, ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಗುಂಟೂರು ಮೆಣಸಿನಕಾಯಿ ಎರಡು ಹಿಡಿ ಸುರಿದ. ಘಾಟು ಅಟ್ಟಕ್ಕೇರಿತು. ಸ್ಮೋಕ್ ಅಲಾರ್ಮು ಬಡಿದುಕೊಂಡಿತು. ಗಂಡ ಹೆಂಡತಿ ಇಬ್ಬರೂ ಕೆಮ್ಮುತ್ತ ಬೀದಿಗೆ ಓಡಿಬಂದದ್ದನ್ನು ಕಂಡು ಎದುರು ಮನೆಯ ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು ಕಿಟಕಿ ಮುಚ್ಚಿದಳು.

ಆಗಲೇ ಡೆಕ್ಲನ್‌ನ ಫೋನ್ ಬಂತು. ಪಾಪ, ಅವನದೊಂದು ಪಬ್ಬಿತ್ತು. ಮಾರ್ಚಿನಲ್ಲಿ ಮುಚ್ಚಿದ್ದು ಸೆಪ್ಟೆಂಬರ್ ಆದರೂ ತೆರೆದಿರಲಿಲ್ಲ. ಚಾಮರಾಜನನ್ನು ಅವನು ಮೊದಲಿನಿಂದಲೂ ಚಾರ್ಲಿ ಎಂದೇ ಕರೆಯುತ್ತಿದ್ದ.

"ಚಾರ್ಲಿ, ನಾಚಿಕೆಗೆ ನಿನಗೆ ಹೇಳಿರಲಿಲ್ಲ. ಮನೆ ಸಾಲಕ್ಕಿಂತ ಹೆಚ್ಚು ಬಾಳುತ್ತೆ ಅಂತ ಗೊತ್ತಾದ್ರೆ ಬ್ಯಾಂಕಿನೋರು ನನಗೆ ಇನ್ನೆರಡು ವರ್ಷ ಟೈಮ್ ಕೊಡ್ತಾರೆ. ಕಮ್ಮಿ ಬಂದ್ರೆ ನಾನೂ ಹೋದೆ, ನೀನೂ ಹೋದೆ. ಮನೇನ ಮದುಮಗಳ ಥರ ಇಡಪ್ಪ. ಸರೀನಾ?"

"ಗ್ರ್ಯಾಂಡ್," ಎಂದು ಚಾಮರಾಜ ಇಲ್ಲಿಯವರ ಹಾಗೆಯೇ ಒಪ್ಪಿಕೊಂಡ, ಕೆಮ್ಮಿನ ನಡುವೆ.

ಮತ್ತೆ ಬೇಲಿಗೆ ಓಡಿದ. "ಶ್ರೀರಾಮಣ್ಣ, ಎಲ್ಲ ಉಲ್ಟಾ! ಬೆಲೆ ಜಾಸ್ತಿ ಬರಬೇಕಂತೆ!"

"ಅದನ್ನೇ ಅಲ್ವೇನಯ್ಯ ನಾನೂ ಹೇಳಿದ್ದು," ಎಂದ ಶ್ರೀರಾಮ ಮುಖವನ್ನು ಸ್ವಲ್ಪವೂ ಬದಲಿಸದೆ. "ತಡಿ, ನನ್ನ ಗುಲಾಬಿ ಕುಂಡಗಳನ್ನ ಕೊಡ್ತೀನಿ."

ಕುಂಡಗಳು ಬೇಲಿ ದಾಟಿ ಬಂದವು. ಹುಲ್ಲು ಕತ್ತರಿಸಿದ್ದಾಯಿತು. ವಿನೋದಿನಿ ಗಂಟಿನಿಂದ ಹೊಸ ಪರದೆ ತೆಗೆದು ಹಾಕಿ, ಹೊಸ್ತಿಲಲ್ಲಿ ರಂಗೋಲಿ ಬಿಟ್ಟಳು. ಕಿಟಕಿಗಳನ್ನೆಲ್ಲ ತೆರೆದು ಚಾಮರಾಜ ಟವೆಲ್ಲಿನಲ್ಲಿ ಘಾಟನ್ನು ಬೀಸಿ ಬೀಸಿ ಓಡಿಸಿದ. ಘಾಟು ಮುಕ್ಕಾಲು ಪಾಲು ಹೋಯಿತು, ಕಾಲು ಪಾಲು ಅವನ ಗಂಟಲಲ್ಲಿ ನಿಂತಿತು.

ಸರಿಯಾಗಿ ಮೂರಕ್ಕೆ ಮಾಸ್ಕ್ ತೊಟ್ಟ ತರುಣನೊಬ್ಬ ಬಾಗಿಲಲ್ಲಿ ನಿಂತು, "ಮನೆಯಲ್ಲಿ ಯಾರಿಗೂ ಕೆಮ್ಮು ಜ್ವರ ಇಲ್ಲ ತಾನೆ? ಇದ್ದರೆ ನಾನು ಒಳಗೆ ಬರುವ ಹಾಗಿಲ್ಲ," ಎಂದ.

ಚಾಮರಾಜ ತನ್ನ ಮಾಸ್ಕನ್ನು ಮೂಗಿನ ಮೇಲೇರಿಸಿ ಇಲ್ಲವೆಂದು ತಲೆಯಾಡಿಸಿದ. ಬಾಯಿ ತೆರೆದರೆ ಕೆಮ್ಮು ಬರುವುದು ಖಚಿತವಾಗಿತ್ತು. ಒಂದೇ ಒಂದು ಕೆಮ್ಮು ಬಿದ್ದರೆ ಇವನು ಬಂದ ದಾರಿಯಲ್ಲೇ ವಾಪಸ್ಸು, ಮನೆ ಬ್ಯಾಂಕಿನ ಪಾಲು. ಅವನು ಉಸಿರು ಬಿಗಿಹಿಡಿದು ಕೋಣೆ ಕೋಣೆ ತೋರಿಸಿದ. ತಡೆದ ಕೆಮ್ಮು ಬೇರೆ ದಾರಿ ಕಾಣದೆ ಕಣ್ಣಿನಿಂದ ಧಾರಾಕಾರ ಇಳಿಯಿತು. ಮಾಸ್ಕೆಲ್ಲ ಒದ್ದೆ.

"ಎಷ್ಟು ವರ್ಷದಿಂದ ಇದ್ದೀರಿ?"

"ಆ... ಆರು," ಎಂದ ಚಾಮರಾಜ ಗದ್ಗದಿತನಾಗಿ.

ಸ್ಕೂಲಿನಿಂದ ಬಂದು ಸೋಫಾದ ಮೇಲೆ ಕೂತಿದ್ದ ಅದಿತಿ ತಲೆಯೆತ್ತಿ, ಪಕ್ಕಾ ಲೂಕನ್ನಿನ ರಾಗದಲ್ಲಿ, "ಡ್ಯಾಡ್, ಆರ್ ಯೂ ಕ್ರೈಯಿಂಗ್?" ಎಂದಳು.

ತರುಣ ಬರೆಯುವುದನ್ನು ನಿಲ್ಲಿಸಿದ. ಅಡುಗೆಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಅವನ ಕಣ್ಣಲ್ಲೂ ನೀರಾಡುತ್ತಿತ್ತು. "ಮನೆಯನ್ನು ಇಷ್ಟು ಪ್ರೀತಿಸುವವರನ್ನು ನನ್ನ ಕೆಲಸದಲ್ಲಿ ನೋಡಿಯೇ ಇಲ್ಲ," ಎಂದು ಮೂಗೊರೆಸಿಕೊಂಡ. ಹೊರಡುವಾಗ ವಿನೋದಿನಿ ಎರಡು ಮೀಟರ್ ದೂರದಿಂದಲೇ ಚಕ್ಕುಲಿ ಪೊಟ್ಟಣವನ್ನು ಗೇಟಿನ ಮೇಲಿಟ್ಟಳು. ಅವನು ಅದನ್ನು ಎದೆಗೊತ್ತಿಕೊಂಡು ಹೋದ.

ಕಾರು ತಿರುವು ದಾಟುತ್ತಲೇ ಚಾಮರಾಜ ಮನಸಾರೆ ಕೆಮ್ಮಿದ. ಇಷ್ಟು ಸುಖವಾಗಿ ಅವನು ಜನ್ಮದಲ್ಲಿ ಕೆಮ್ಮಿರಲಿಲ್ಲ. ವಿನೋದಿನಿ ದೇವರಿಗೆ ದೀಪ ಹಚ್ಚಿದಳು.

ಆರು ಗಂಟೆಗೆ ಡೆಕ್ಲನ್‌ನ ಫೋನ್. ಅವನ ದನಿಯಲ್ಲಿ ಹಬ್ಬ ತುಂಬಿತ್ತು.

"ಚಾರ್ಲಿ, ನೀನು ದೇವರಂಥೋನು! ಈಗಷ್ಟೇ ಆ ಹುಡುಗ ಫೋನ್ ಮಾಡಿದ್ದ. ನಾನು ಕನಸಲ್ಲೂ ಎಣಿಸದ ಬೆಲೆ ಕಟ್ಟಿದಾನೆ. ಸಾಲ ಪೂರ್ತಿ ತೀರಿಸಿ ಕೈಯಲ್ಲೂ ಮಿಗುತ್ತೆ. ಇನ್ನೆರಡು ವರ್ಷ ಬ್ಯಾಂಕಿನೋರ ಕಾಲು ಹಿಡಿಯೋದು ಯಾರಿಗೆ ಬೇಕು? ಮಾರಿಬಿಡೋಣ ಅಂತಿದೀನಿ. ನೀನು ಈ ಮನೆಗೋಸ್ಕರ ಕಣ್ಣೀರು ಹಾಕಿದೆಯಂತಲ್ಲಪ್ಪ, ಅದಕ್ಕೆ ಮೊದಲು ನಿನ್ನನ್ನೇ ಕೇಳ್ತಿದೀನಿ. ಆಗಲ್ಲ ಅಂದ್ರೆ ನೋಟಿಸ್ ಕಳಿಸ್ತೀನಿ. ಬೇಜಾರಿಲ್ಲ ತಾನೆ?"

ಚಾಮರಾಜ ಫೋನ್ ಇಟ್ಟು ಮೆಟ್ಟಿಲ ಮೇಲೆ ಕುಸಿದು ಕೂತ.

"ಏನಂತೆ ರೀ?" ಎಂದು ವಿನೋದಿನಿ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

"ಬ್ಯಾಂಕಿನೋರು ಮನೆ ತಗೊಳ್ಳಲ್ವಂತೆ."

"ಅಬ್ಬಾ, ಬದುಕಿದ್ವಿ! ಮತ್ತೆ ಯಾಕೆ ಹಿಂಗೆ ಕೂತಿದೀರಾ?"

"ನಾವು ತಗೊಳ್ತೀವಾ ಅಂತ ಕೇಳ್ತಿದಾನೆ. ಇಲ್ಲಾಂದ್ರೆ ಖಾಲಿ ಮಾಡಬೇಕಂತೆ."

ವಿನೋದಿನಿಯೂ ಅವನ ಪಕ್ಕದಲ್ಲೇ ಕೂತಳು. ಆಮೇಲೆ ಮೆಲ್ಲಗೆ, "ಎಷ್ಟಕ್ಕಂತೆ?" ಎಂದಳು.

"ಮಧ್ಯಾಹ್ನ ನಾವಿಬ್ರೂ ಸೇರಿ ಏರಿಸಿದೀವಲ್ಲ, ಅಷ್ಟಕ್ಕೆ."