‘ಇರಬಹುದು’ ಎನ್ನಬಾರದ ನೌಕರಿ

ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲ. ಬೇರೆ ಯಾರಾದರೂ ಹೀಗೆ ಹೇಳಿಕೊಂಡರೆ ವಯಸ್ಸಾಯಿತೆಂದು ಬಿಟ್ಟುಬಿಡಬಹುದು. ಆದರೆ ನೆನಪಿಟ್ಟುಕೊಳ್ಳುವುದೇ ನನ್ನ ಹೊಟ್ಟೆಪಾಡು. ನಾನು ಗಾಲ್ಫ್ ಆಟದಲ್ಲಿ ಕ್ಯಾಡಿ. ಹದಿನಾಲ್ಕು ಕೋಲುಗಳಿರುವ, ಅರ್ಧ ಸಿಮೆಂಟ್ ಚೀಲದಷ್ಟು ಭಾರದ ಒಂದು ಚೀಲವನ್ನು ಹೆಗಲಿಗೆ ಹಾಕಿಕೊಂಡು ಆಟಗಾರನ ಹಿಂದೆ ಹೋಗುವವನು. ಟಿ.ವಿ.ಯಲ್ಲಿ ನೋಡಿದವರಿಗೆ ಚೀಲ ಕಾಣುತ್ತದೆ, ಅದರ ಕೆಳಗಿನ ಮನುಷ್ಯ ಕಾಣುವುದಿಲ್ಲ. ಲಿಂಗಸುಗೂರಿನ ನನ್ನ ಮಾವನವರಂತೂ ಮದುವೆಯಾದ ಹೊಸದರಲ್ಲಿ ನಾಲ್ಕು ಜನರ ಮುಂದೆ, “ನಮ್ಮ ಅಳ್ಯಾ ದೊಡ್ಡ ಸಾಹೇಬ್ರ ಜೋಡಿ ಇರ್ತಾರ, ಫಾರಿನ್ನಿಗೆಲ್ಲಾ ಹೋಗ್ತಾರ” ಎಂದು ಹೇಳಿ, ಮುಂದಿನ ಪ್ರಶ್ನೆ ಬರುವುದರೊಳಗೆ ಎಲ್ಲರಿಗೂ ಚಹಾ ತರಿಸಿಬಿಡುತ್ತಿದ್ದರು.

ಹೊರುವುದು ಈ ಕೆಲಸದ ಸುಲಭದ ಭಾಗ. ಆಟಕ್ಕೆ ಎರಡು ದಿನ ಮೊದಲೇ ಹೋಗಿ ಇಡೀ ಮೈದಾನವನ್ನು ಹೆಜ್ಜೆಯಲ್ಲಿ ಅಳೆಯಬೇಕು. ಈ ಮರದಿಂದ ಆ ಮರಳುಗುಂಡಿಗೆ ಎಷ್ಟು, ಗಾಳಿ ಬೆಳಿಗ್ಗೆ ಎತ್ತಲಿಂದ, ಮಧ್ಯಾಹ್ನ ಎತ್ತಲಿಂದ, ಹೋದ ವರ್ಷ ಇಲ್ಲಿ ಬಿದ್ದ ಚೆಂಡು ಎಲ್ಲಿ ಹೋಗಿ ನಿಂತಿತು, ಎಲ್ಲವನ್ನೂ ಕಿಸೆಯ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆಮೇಲೆ ಆಟಗಾರ ಕೇಳಿದಾಗ ಒಂದೇ ಉಸಿರಿಗೆ ಹೇಳಬೇಕು. ಎಲ್ಲಕ್ಕಿಂತ ಕಷ್ಟದ್ದು ಗ್ರೀನ್. ಗ್ರೀನ್ ಅಂದರೆ ಚೆಂಡು ಬೀಳಬೇಕಾದ ಕುಳಿಯ ಸುತ್ತ ರತ್ನಗಂಬಳಿ ಹಾಸಿದ ಹಾಗೆ ಕತ್ತರಿಸಿದ ಹುಲ್ಲು. ನೋಡಿದರೆ ಸಪಾಟು, ಚೆಂಡು ಉರುಳಿಸಿದರೆ ಮಾತ್ರ ಅದರ ಒಳಗುಟ್ಟು ಬಯಲಾಗುತ್ತದೆ. ಯಾವ ಕಡೆಗೆ ಇಳಿಜಾರು, ಎಷ್ಟು ಇಳಿಜಾರು ಎಂದು ಕ್ಯಾಡಿ ಹೇಳಬೇಕು. ಪಂದ್ಯದ ದಿನ ಅದನ್ನು ಅಳೆಯುವ ಯಂತ್ರ ಮುಟ್ಟುವಂತಿಲ್ಲ. ಮತ್ತು ಹೇಳುವಾಗ ‘ಇರಬಹುದು’ ಎನ್ನುವಂತಿಲ್ಲ. ಅನುಮಾನ ಬಂದ ಕೈ ನಡುಗುತ್ತದೆ, ನಡುಗಿದ ಕೈಯಿಂದ ಹೊರಟ ಚೆಂಡು ಎಂದೂ ಕುಳಿಗೆ ಬೀಳುವುದಿಲ್ಲ. ಇದು ನಮ್ಮ ಕೆಲಸದ ಮೊದಲ ಪಾಠ.

ನನ್ನ ತೊಂದರೆ ಶುರುವಾಗುವುದೇ ಇಲ್ಲಿ. ನಾನು ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ನನ್ನೂರು ಮಸ್ಕಿಯಿಂದ ವಿಶ್ವವಿದ್ಯಾಲಯಕ್ಕೆ ಹೋಗುವಾಗ ಹತ್ತಾರು ವಿಷಯಗಳಲ್ಲಿ ಗಟ್ಟಿ ನಂಬಿಕೆ ಇತ್ತು. ಎರಡು ವರ್ಷ ಕಳೆದು ವಾಪಸ್ಸು ಬರುವಾಗ ಒಂದೂ ಉಳಿದಿರಲಿಲ್ಲ. ನೆನಪಿನ ಪಾಠ ಮಾಡುತ್ತಿದ್ದ ಮೇಷ್ಟ್ರು, “ನೆನಪು ಪೆಟ್ಟಿಗೆಯೊಳಗೆ ಮಡಚಿಟ್ಟ ಬಟ್ಟೆ ಅಲ್ಲ, ಬೇಕಾದಾಗಲೆಲ್ಲಾ ಹೊಸದಾಗಿ ಹೊಲಿಯೋ ಬಟ್ಟೆ. ಅದರ ಬಣ್ಣ ಎಷ್ಟು ಚಂದ ಕಾಣುತ್ತೋ ಅಷ್ಟು ಅನುಮಾನ ಪಡಿ” ಎನ್ನುತ್ತಿದ್ದರು. ಅಂದಿನಿಂದ ನಾನು ಯಾವ ಮಾತಿಗೂ ‘ಇರಬಹುದು’ ಎಂಬ ಬಾಲ ಅಂಟಿಸದೆ ಬಿಟ್ಟವನಲ್ಲ. ಆ ಬಟ್ಟೆಯ ಮಾತನ್ನೂ ಮೇಷ್ಟ್ರು ಹೇಳಿದ್ದೋ ನಾನು ಹೊಲಿದದ್ದೋ ಈಗ ಗೊತ್ತಿಲ್ಲ. ಡಿಗ್ರಿ ಹಿಡಿದು ಬೆಂಗಳೂರಿನಲ್ಲಿ ಸುತ್ತುತ್ತಿದ್ದಾಗ ಊರಿನ ಗೆಳೆಯ ಖಾಜಾ, “ಹೆಂಗೂ ಸುಮ್ನ ಅಡ್ಡಾಡಾಕತ್ತಿ, ಒಂದು ಚೀಲ ಹೊತ್ಗೊಂಡು ಅಡ್ಡಾಡು ಬಾರಲೇ” ಎಂದು ತಾನು ಕ್ಯಾಡಿಯಾಗಿದ್ದ ಮೈದಾನಕ್ಕೆ ಕರೆದುಕೊಂಡು ಹೋದ. ಒಂದು ದಿನಕ್ಕೆಂದು ಹೊತ್ತ ಚೀಲವನ್ನು ಹನ್ನೊಂದು ವರ್ಷವಾದರೂ ಇಳಿಸಿಲ್ಲ.

ಯಾಕೆ ಇಳಿಸಲಿಲ್ಲ ಎಂದರೆ ನಮ್ಮ ಸಾಹೇಬರು. ಹೆಸರು ಹೇಳಿದರೆ ಈ ಪ್ರಬಂಧವೇ ನನ್ನ ರಾಜೀನಾಮೆ ಪತ್ರವಾಗುತ್ತದೆ, ಆದ್ದರಿಂದ ಸಾಹೇಬರು ಎಂದಷ್ಟೇ ಇರಲಿ. ಅವರು ಮೊದಲ ಸಲ ನನ್ನ ಮುಂದೆ ಚೆಂಡು ಹೊಡೆದಾಗ ನಾನು ಚೀಲವನ್ನು ಕಾಲಿನ ಮೇಲೆ ಬೀಳಿಸಿಕೊಂಡಿದ್ದೆ. ಅವರು ಮರದ ಕಡೆ ಗುರಿ ಇಡುವುದಿಲ್ಲ, ಮರದ ಒಂದು ಟೊಂಗೆಯ ಕಡೆ ಇಡುತ್ತಾರೆ. ಚೆಂಡು ಮೇಲೇರುವಾಗ ಸುತ್ತಲಿನ ಸಾವಿರಾರು ಜನ ಉಸಿರಾಡುವುದನ್ನು ನಿಲ್ಲಿಸುತ್ತಾರೆ. ಅದು ಆಕಾಶದಲ್ಲಿ ಒಂದು ಗಳಿಗೆ ನಿಂತು, ಯಾರೋ ಹೆಸರು ಹಿಡಿದು ಕರೆದ ಹಾಗೆ ಆ ಟೊಂಗೆಯ ಕಡೆ ತಿರುಗುತ್ತದೆ. ಹನ್ನೊಂದು ವರ್ಷ ನೋಡಿದರೂ ನನಗೆ ಮೈ ಜುಮ್ಮೆನ್ನುವುದು ನಿಂತಿಲ್ಲ. ಇನ್ನೂ ದೊಡ್ಡ ಅಚ್ಚರಿಯೆಂದರೆ, ಕೆಟ್ಟ ಹೊಡೆತ ಹೊಡೆದರೆ ಹತ್ತು ಹೆಜ್ಜೆ ನಡೆಯುವುದರೊಳಗೆ ಅದನ್ನು ಪೂರ್ತಿ ಮರೆತುಬಿಡುತ್ತಾರೆ. ಅವರ ಶಕ್ತಿಯೆಲ್ಲಾ ಮರೆಯುವುದರಲ್ಲಿದೆ. ಅವರ ಪಾಲಿನ ನೆನಪನ್ನು ಚೀಲದ ಜೊತೆಗೆ ನಾನೇ ಹೊರುತ್ತೇನೆ.

ಹೋದ ವರ್ಷ ಭುಜದ ನೋವಿನಿಂದ ಸಾಹೇಬರು ಅರ್ಧ ವರ್ಷ ಆಡಲಿಲ್ಲ. ವರ್ಷದ ಕೊನೆಯ ಪಂದ್ಯದ ಹೊತ್ತಿಗೆ ಅವರ ಹೆಸರು ಆಟಗಾರರ ಅರ್ಹತಾ ಪಟ್ಟಿಯ ಅಂಚಿಗೆ ಬಂದು ನಿಂತಿತ್ತು. ಅಲ್ಲಿ ಗೆರೆಯ ಈಚೆಗೆ ಉಳಿದರೆ ಮುಂದಿನ ವರ್ಷವೂ ದೊಡ್ಡವರ ಜೊತೆ ಆಟ. ಆಚೆಗೆ ಜಾರಿದರೆ ಸಾಹೇಬರು ಮನೆಗೆ, ನಾನು ಊರಿಗೆ. ವಿಮಾನ ಹತ್ತುವ ಮೊದಲೇ ಫೋನು ಮಾಡಿದ್ದರು. ಅವರ ಹಿಂದಿಯನ್ನು ಬೈಗುಳ ತೆಗೆದು ಕನ್ನಡಕ್ಕೆ ತಂದರೆ ಇಷ್ಟು: “ಈ ವಾರ ನಿನ್ನ ಬಾಯಲ್ಲಿ ಒಂದು ಸಲ ‘ಇರಬಹುದು’ ಬಂದರೂ ಸೋಮವಾರದಿಂದ ನನಗೆ ಬೇರೆ ಕ್ಯಾಡಿ.”

ಆ ಫೋನು ಬಂದಾಗ ನಾನು ಸಿಂಧನೂರಿನಲ್ಲಿ, ನಮ್ಮ ಹೊಸ ಮನೆಯ ಬಚ್ಚಲಿನಲ್ಲಿ ಪ್ಯಾಂಟು ಮಡಚಿಕೊಂಡು ನಿಂತಿದ್ದೆ. ಮನೆಯ ಕತೆ ಹೀಗಿತ್ತು. ಬಚ್ಚಲಿನ ಮೋರಿ ಪಡುವಲ ಗೋಡೆಗೆ, ಆದರೆ ನೆಲದ ವಾಟ, ಅಂದರೆ ಇಳಿಜಾರು, ಮೂಡಲಕ್ಕೆ. ಒಂದು ಚೊಂಬು ಸುರಿದರೂ ನೀರು ಮೋರಿಗೆ ಬೆನ್ನು ತಿರುಗಿಸಿ, ಹೊಸ್ತಿಲು ದಾಟಿ, ನೆಟ್ಟಗೆ ಅಡುಗೆಮನೆಗೆ ಹೋಗುತ್ತಿತ್ತು. ನನ್ನ ಹೆಂಡತಿ ರೇಣುಕಾ ಇಲ್ಲಿನ ಶಾಲೆಯಲ್ಲಿ ಟೀಚರ್. ಅವಳು ಒದ್ದೆ ಅಕ್ಕಿ ಚೀಲವನ್ನು ಬಿಸಿಲಿಗೆ ಹಾಕುತ್ತಾ, “ಜಗತ್ತಿನ ಹುಲ್ಲಿಗೆಲ್ಲಾ ವಾಟ ಹೇಳ್ತೀರಿ, ನಮ್ಮ ಬಚ್ಚಲಕ್ಕ ಹೇಳಾಕ ಆಗ್ಲಿಲ್ಲೇನ್ರೀ?” ಎಂದಳು. ಗೌಂಡಿ ಮೌಲಾಸಾಬನನ್ನು ಕರೆಸಿದೆವು. ಮನೆ ಕಟ್ಟಿದವನು ಅವನೇ.

“ನೀವು ಮೂಡ್ಲಕ್ಕ ಅಂದ್ರಿ ಸಾರ್, ಮೂಡ್ಲಕ್ಕ ಕೊಟ್ಟೀನಿ” ಎಂದ ಮೌಲಾ.

“ನಾನು ಪಡುವಲಕ್ಕೆ ಎಂದೇ ಹೇಳಿದ್ದು. ನನಗೆ ಚೆನ್ನಾಗಿ ನೆನಪಿದೆ. ನೀನು ಅಲ್ಲಿ ಉಸುಕಿನ ಗುಡ್ಡೆ ಹತ್ತಿರ ನಿಂತಿದ್ದಿ, ಹಸಿರು ಲುಂಗಿ ಉಟ್ಟಿದ್ದಿ, ಕೈಯಲ್ಲಿ ಗಾರೆ ಮೆತ್ತುವ ಥಾಪಿ ಇತ್ತು.”

ಮೌಲಾ ಚಪ್ಪಲಿ ಮೆಟ್ಟಿಕೊಂಡ. “ಇಪ್ಪತ್ತೈದು ವರ್ಷ ಆತು ಸಾರ್ ಈ ಊರಾಗ ಕೆಲಸ ಮಾಡಾಕತ್ತು. ನಾ ಕಟ್ಟಿದ ಬಚ್ಚಲ ನೀರು ಅಡಿಗಿ ಮನಿಗೆ ಹೋತು ಅಂತ ಯಾರೂ ಅಂದಿಲ್ಲ” ಎಂದು ಹೇಳಿ ಹೊರಟುಹೋದ. ಅವನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಾನು ಅದೇ ಸಂಜೆ ಚೀಲ ಕಟ್ಟಿಕೊಂಡು ಬಸ್ಸು ಹತ್ತಿದೆ.

ಪಂದ್ಯದ ನಾಲ್ಕನೆಯ ದಿನ, ಕೊನೆಯ, ಎಂದರೆ ಹದಿನೆಂಟನೆಯ ಕುಳಿ. ಸಾಹೇಬರ ಚೆಂಡು ಗ್ರೀನಿನ ಮೇಲೆ, ಕುಳಿಗೆ ಐದು ಹೆಜ್ಜೆ ದೂರದಲ್ಲಿ ನಿಂತಿತ್ತು. ಒಂದೇ ಏಟಿಗೆ ಬಿದ್ದರೆ ಗೆರೆಯ ಈಚೆ, ಎರಡಾದರೆ ಆಚೆ. ಬಲಗಡೆ ಒಂದು ಸಣ್ಣ ಕೆರೆ. ಸಾಹೇಬರು ಚೆಂಡಿನ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿ, “ಸೀದಾ ಇದೆ. ಹೌದಾ?” ಎಂದರು.

ನಾನು ಕಿಸೆಯ ಪುಸ್ತಕ ತೆರೆದೆ. ಆ ಮೂಲೆಯ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಬಾಯೊಳಗೆ ‘ಇರಬಹುದು’ ತಯಾರಾಗಿ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿ, ಬೇರೇನೂ ತೋಚದೆ, ದಢೇಸುಗೂರಿನ ಹನುಮಂತ ಕಾಕಾನ ಹಾಗೆ ಕಣ್ಣು ಮುಚ್ಚಿ ನಿಂತೆ.

ಈ ಕಾಕಾನ ಬಗ್ಗೆ ಎರಡು ಮಾತು ಹೇಳಬೇಕು. ಅಪ್ಪನ ತಮ್ಮ. ಕಾಲುವೆ ನೀರನ್ನು ಭತ್ತದ ಗದ್ದೆಗೆ ಹಾಯಿಸುವುದರಲ್ಲೇ ಅವನ ಆಯುಷ್ಯ ಕಳೆದಿದೆ. ಗದ್ದೆ ಹದ ಮಾಡಿದ ಮೇಲೆ ಅವನು ಬರಿಗಾಲಲ್ಲಿ ನಡುವೆ ಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಾನೆ. ಆಮೇಲೆ, “ಆ ಮೂಲಿ ಎರಡು ಬೆರಳು ತಗ್ಗೈತಿ” ಎನ್ನುತ್ತಾನೆ. ನೀರು ಬಿಟ್ಟರೆ ಮೊದಲು ಆ ಮೂಲೆಗೇ ಹೋಗಿ ನಿಲ್ಲುತ್ತದೆ. ನಾನು ಎಂ.ಎ. ಮುಗಿಸಿದ ಹೊಸದರಲ್ಲಿ ಇದನ್ನು ಪರೀಕ್ಷೆ ಮಾಡಲು ಗೌಂಡಿಗಳ ಮಟ್ಟಗೋಲು ತೆಗೆದುಕೊಂಡು ಹೋಗಿದ್ದೆ. ಮಟ್ಟಗೋಲು ಒಂದು ಹೇಳಿತು, ಕಾಕಾನ ಕಾಲು ಇನ್ನೊಂದು ಹೇಳಿತು, ನೀರು ಕಾಕಾನ ಮಾತು ಕೇಳಿತು. “ಹೆಂಗ ಗೊತ್ತಾಗ್ತೈತಿ ಕಾಕಾ?” ಎಂದರೆ, “ನಿಂತ್ರ ಗೊತ್ತಾಗ್ತೈತಿ. ನೀ ಎಲ್ಲಿ ಒಂದು ಕಡಿ ನಿಂದಿರ್ತೀದಿ?” ಎಂದು ನಕ್ಕಿದ್ದ.

ಗ್ರೀನಿನ ಮೇಲೆ ಕಣ್ಣು ಮುಚ್ಚಿ ನಿಂತಾಗ ನನ್ನ ಭಾರ ಮೆಲ್ಲಗೆ ಬಲಗಾಲಿಗೆ ಇಳಿಯಿತು, ಅಥವಾ ಇಳಿದ ಹಾಗೆ ಅನ್ನಿಸಿತು. ಕಾಲನ್ನು ನಂಬುವ ಧೈರ್ಯ ಎಂ.ಎ. ಮಾಡಿದವನಿಗೆ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಫಳ್ಳನೆ ನೆನಪಾಯಿತು. ಎರಡು ವರ್ಷದ ಹಿಂದೆ ಇದೇ ಗ್ರೀನು, ಇದೇ ಮೂಲೆ. ಬೇರೊಬ್ಬ ಆಟಗಾರನ ಚೆಂಡು ಸೀದಾ ಹೋಗುತ್ತಾ ಹೋಗುತ್ತಾ ಕೊನೆಗೆ ಬಲಕ್ಕೆ ಹೊರಳಿತ್ತು. ಕೆರೆಯ ದಂಡೆಯ ಮೇಲೆ ಒಂದು ಬಿಳಿ ಕೊಕ್ಕರೆ ಒಂಟಿಗಾಲಲ್ಲಿ ನಿಂತಿತ್ತು. ಕೊಕ್ಕರೆಯೇ ನೆನಪಿರುವಾಗ ಇನ್ನೇನು ಅನುಮಾನ?

“ಸೀದಾ ಇಲ್ಲ ಸಾಹೇಬರೇ. ಬಲಕ್ಕೆ ತಿರುಗುತ್ತದೆ. ಕುಳಿಯ ಎಡಕ್ಕೆ ಒಂದು ಗೇಣು ಬಿಟ್ಟು ಹೊಡೆಯಿರಿ” ಎಂದೆ. ನನ್ನ ದನಿ ಕೇಳಿ ನನಗೇ ಗಾಬರಿಯಾಯಿತು.

ಸಾಹೇಬರು ನನ್ನ ಮುಖ ನೋಡಿದರು. ಅವರ ಎರಡು ಕಣ್ಣೂ ಸೀದಾ ಎನ್ನುತ್ತಿದ್ದವು. ಜಗತ್ತು ಸುತ್ತಿ ಆಡಿದ ಮನುಷ್ಯ, ತನ್ನ ಕಣ್ಣನ್ನು ಬಿಟ್ಟು, ಮಸ್ಕಿಯ ಒಬ್ಬ ಚೀಲ ಹೊರುವವನ ಮಾತಿಗೆ ಮುಂದಿನ ಒಂದು ವರ್ಷವನ್ನು ಒಪ್ಪಿಸಿದರು. ಒಂದು ಗೇಣು ಎಡಕ್ಕೆ, ಕುಳಿಯೇ ಇಲ್ಲದ ಜಾಗಕ್ಕೆ, ಮೆಲ್ಲಗೆ ಹೊಡೆದರು. ಚೆಂಡು ಸೀದಾ ಹೋಯಿತು, ಇನ್ನೂ ಸೀದಾ ಹೋಯಿತು, ನನ್ನ ಕಣ್ಣ ಮುಂದೆ ಸಿಂಧನೂರಿನ ಬಸ್ ಸ್ಟ್ಯಾಂಡು ಬಂತು. ಆಮೇಲೆ ಗದ್ದೆಯಲ್ಲಿ ನೀರು ತಗ್ಗಿನ ಮೂಲೆ ಹುಡುಕಿಕೊಂಡು ತಿರುಗುವುದಿಲ್ಲವೇ, ಹಾಗೆ, ಅವಸರವಿಲ್ಲದೆ, ಬಲಕ್ಕೆ ಹೊರಳಿ ಕುಳಿಯೊಳಗೆ ಇಳಿಯಿತು. ಜನ ಕೂಗಿದರು. ನನಗೆ ಏನೂ ಕೇಳಿಸಲಿಲ್ಲ. ಒಂದು ಚೆಂಡು ಉರುಳಿದ್ದಕ್ಕೆ ಹೀಗೆ ಕಣ್ಣು ತುಂಬುತ್ತದೆಂದು ಯಾವ ಪಠ್ಯದಲ್ಲೂ ಓದಿರಲಿಲ್ಲ.

ಆಮೇಲೆ ಮೈಕು ಹಿಡಿದವರ ಮುಂದೆ ಸಾಹೇಬರು ನನ್ನ ಹೆಗಲ ಮೇಲೆ ಕೈ ಹಾಕಿ, “ಇವನ ನೆನಪು ತಪ್ಪುವುದೇ ಇಲ್ಲ” ಎಂದರು. ಮುಂದಿನ ವರ್ಷವೂ ಚೀಲ ನನ್ನದೇ ಎಂದರು. ನಾನು ಹೋಟೆಲ್ಲಿಗೆ ಬಂದು, ಹೆಮ್ಮೆಯಿಂದ, ಎರಡು ವರ್ಷದ ಹಿಂದಿನ ಪುಸ್ತಕ ತೆಗೆದು ನೋಡಿದೆ. ಕೊಕ್ಕರೆ ಇತ್ತು. ನನ್ನದೇ ಅಕ್ಷರ: ‘ಏಳನೆಯ ಕುಳಿ. ಬಲಕ್ಕೆ ಹೊರಳುತ್ತದೆ. ಕೊಕ್ಕರೆ.’ ಮೇಲೆ ಮೈದಾನದ ಹೆಸರು ನೋಡಿದರೆ ಬೇರೆ ಮೈದಾನ, ಬೇರೆ ದೇಶ. ಏಳನೆಯ ಕುಳಿಯ ಕೊಕ್ಕರೆಯನ್ನು ಗಡಿ ದಾಟಿಸಿ ತಂದು ಹದಿನೆಂಟನೆಯ ಕುಳಿಯ ಪಕ್ಕ ನಿಲ್ಲಿಸಿದವನು ನಾನೇ. ಹಾಗಾದರೆ ಸರಿಯಾಗಿ ಹೇಳಿದ್ದು ಯಾರು? ನನ್ನ ಬಲಗಾಲೋ, ಬರೀ ಅದೃಷ್ಟವೋ? ಈ ಪ್ರಶ್ನೆಯನ್ನು ಸಾಹೇಬರ ಮುಂದೆ ನಾನು ಇವತ್ತಿನವರೆಗೆ ಎತ್ತಿಲ್ಲ.

ಊರಿಗೆ ಬಂದ ಮರುದಿನ ರೇಣುಕಾ ಹೇಳಿಕಳಿಸಿದ್ದಕ್ಕೆ ಹನುಮಂತ ಕಾಕಾ ಬಂದ. ಮೌಲಾಸಾಬನೂ ಬಂದ, ಅವಳೇ ಮನೆಗೆ ಹೋಗಿ ಕರೆದು ಬಂದಿದ್ದಳಂತೆ. ಕಾಕಾ ಚಪ್ಪಲಿ ಹೊರಗೆ ಬಿಟ್ಟು ಬಚ್ಚಲಿನ ನಡುವೆ ಕಣ್ಣು ಮುಚ್ಚಿ ನಿಂತ. ನಾವು ಮೂವರೂ ಬಾಗಿಲಲ್ಲಿ ಉಸಿರು ಹಿಡಿದು ನಿಂತೆವು. “ಕೆಲಸ ಭಾಳ ಚಲೋ ಮಾಡ್ಯಾನಪ್ಪ. ಒಂದೇ ಸಮ ವಾಟ ಐತಿ. ದಿಕ್ಕು ಅಷ್ಟ ತಪ್ಪೈತಿ. ಯಾರು ಹೇಳಿದ್ರು ದಿಕ್ಕು?” ಎಂದ ಕಾಕಾ.

ಮೌಲಾ ಫೋನು ತೆಗೆದು ಒಂದು ಹಳೆಯ ವಾಯ್ಸ್ ಮೆಸೇಜ್ ಹಾಕಿದ. ಹಿಂದೆ ಎಲ್ಲೋ ಜನ ಚಪ್ಪಾಳೆ ತಟ್ಟುವ ಸದ್ದು, ಅದರ ನಡುವೆ ನನ್ನ ದನಿ: “ಮೌಲಾ, ಬಚ್ಚಲದ ವಾಟ ಮೂಡಲಕ್ಕೆ ಇರಬಹುದು, ಮೂಡಲಕ್ಕೇ ಕೊಟ್ಟುಬಿಡು.”

“ಅವತ್ತು ನೀವು ಊರಾಗ ಇರ್ಲೇ ಇಲ್ಲ” ಎಂದಳು ರೇಣುಕಾ. “ಸಮುದ್ರದ ಆಕಡಿ ಇದ್ರಿ. ಅಲ್ಲಿಂದ ಈ ಮೌಲಾಣ್ಣನ ಹಸಿರು ಲುಂಗಿ ಹೆಂಗ ಕಾಣ್ತು ನಿಮಗ?”

“ಹಸಿರು ಲುಂಗಿ ನನ್ನ ಹತ್ರ ಇಲ್ಲೇ ಇಲ್ರೀ ಅಕ್ಕಾರ” ಎಂದ ಮೌಲಾ.

ನನಗೆ ಕೊಕ್ಕರೆ ನೆನಪಾಯಿತು. “ತಪ್ಪಾತು ಮೌಲಾ” ಎಂದೆ. ಅವನು, “ಇರ್ಲಿ ಬಿಡ್ರಿ ಸಾರ್, ಎಲ್ಲಿಂದ ಒಡೀಲಿ ಹೇಳ್ರಿ” ಎಂದು ಉಳಿ ಸುತ್ತಿಗೆ ಕೈಗೆತ್ತಿಕೊಂಡ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಕಣ್ಣು ಮುಚ್ಚಿ ನಿಂತೆ. ಕಾಲು ಹೇಳಿದ್ದನ್ನು ಗ್ರೀನಿನ ಮೇಲೆ ಹೇಳಿದಷ್ಟೇ ಗಟ್ಟಿಯಾಗಿ, ಒಂದೂ ‘ಇರಬಹುದು’ ಇಲ್ಲದೆ, “ಈ ಮೂಲೆಯಿಂದ, ಎರಡು ಬೆರಳು” ಎಂದೆ. ಮೌಲಾ ನನ್ನ ಮಾತು ಮುಗಿಯುವವರೆಗೆ ಮರ್ಯಾದೆಯಿಂದ ಕಾದ. ಆಮೇಲೆ ಕಾಕಾನ ಕಡೆ ತಿರುಗಿ, “ಎಲ್ಲಿಂದ್ರೀ ಯಜಮಾನ್ರ?” ಎಂದು ಕೇಳಿದ.

ನಾನು ಹೊರಗೆ ಹೋಗಿ ಉಸುಕಿನ ಪುಟ್ಟಿಯನ್ನು ಹೆಗಲಿಗೇರಿಸಿಕೊಂಡು ಬಂದೆ. ಹೊರುವ ವಿಷಯದಲ್ಲಿ ಮಾತ್ರ ನನ್ನ ಮೇಲೆ ಇದುವರೆಗೆ ಯಾರಿಗೂ ಅನುಮಾನ ಬಂದಿಲ್ಲ.