ಅಡಿಗೊರಡು

ಗ್ಯಾಸಿನ ಮೇಲೆ ಕಾಯಿಸಿದ ನೀರಿನಲ್ಲಿ ಸ್ನಾನ ಮಾಡಿದರೆ ನನಗೆ ಮಂಡಿ ನೋಯುತ್ತದೆ ಎಂದು ಅರಸೀಕೆರೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಇದು ಶುದ್ಧ ಸುಳ್ಳು. ತನ್ನನ್ನು ಯಾವ ಒಲೆ ಕಾಯಿಸಿತು ಎಂಬುದು ನೀರಿಗೆ ನೆನಪಿರುವುದಿಲ್ಲ ಎಂದು ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುವ ನನಗೆ ಗೊತ್ತಿಲ್ಲವೇ? ಆದರೂ ಹೇಳಿದೆ. ಮೊದಮೊದಲು ಹೇಳುವಾಗ ಜನ ನಂಬಲೆಂದು ಒಂದಿಷ್ಟು ಕುಂಟುತ್ತಲೂ ಇದ್ದೆ. ಮರ್ಯಾದಸ್ಥ ಹೆಂಗಸಾದ ನನ್ನನ್ನು ಈ ಗತಿಗೆ ತಂದದ್ದು ನನ್ನ ತವರು ಕಣಕಟ್ಟೆ ಕಡೆ ಇರುವ ನನ್ನ ಒಂದೂವರೆ ಎಕರೆ ಕಾಡು.

ಕಾಡು ಎಂದರೆ ಹುಲಿಗಿಲಿ ಇಲ್ಲ. ನಮ್ಮ ಕಡೆ ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಜಮೀನು ಕೊಡುವುದುಂಟು. ನನ್ನ ಓರಗೆಯವರಿಗೆಲ್ಲ ಹತ್ತೋ ಹದಿನೈದೋ ತೆಂಗಿನ ಮರ ಸಿಕ್ಕವು. ನನಗೆ ಅಪ್ಪ ಕೊಟ್ಟದ್ದು ತೋಟದ ಹಿಂದಿನ ಕಲ್ಲುನೆಲ. ಅಲ್ಲಿ ಹೊಂಗೆ, ಬೇವು, ಜಾಲಿ, ಜೊತೆಗೆ ಹೆಸರು ಗೊತ್ತಿಲ್ಲದ ಪೊದೆಗಳು. ನಾನು ಮುಖ ಊದಿಸಿಕೊಂಡಿದ್ದಕ್ಕೆ ಅಪ್ಪ, "ತೆಂಗಿಗೆ ನೀರ್ ಹಾಯಿಸ್ಬೇಕು ಕಣವ್ವ, ನೀನು ಇಸ್ಕೂಲಿಗೆ ಹೋಗೋಳು. ಇದಾದ್ರೆ ಅದ್ರ ಪಾಡಿಗೆ ಅದು ಬೆಳ್ಕಂತೈತೆ" ಎಂದಿದ್ದರು. ನಮ್ಮ ಯಜಮಾನರು ಅದಕ್ಕೆ 'ನಿಮ್ಮ ಅರಣ್ಯ ಇಲಾಖೆ' ಎಂದು ಹೆಸರಿಟ್ಟರು. ನಗಲಿ ಬಿಡಿ. ಮದುವೆಯಾದಾಗಿನಿಂದ ಅವರು ಬಿಸಿನೀರು ಹುಯ್ದುಕೊಂಡದ್ದು ಆ ಇಲಾಖೆಯ ಸೌದೆಯಿಂದಲೇ.

ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಕಣಕಟ್ಟೆ ಬಸ್ಸು ಹತ್ತುತ್ತಿದ್ದೆ. ಮಾರನೆಯ ದಿನ ಅಣ್ಣ ಕೊಡಲಿ ಹಿಡಿದು ಮುಂದೆ, ನಾನು ಮಚ್ಚು ಹಿಡಿದು ಹಿಂದೆ. ಅವನು ಒಣಗಿದ ಕೊಂಬೆ ಕಡಿದು ಕೆಡವುತ್ತಿದ್ದ, ನಾನು ರೆಂಬೆ ಸವರಿ ಪುಳ್ಳೆ ಆಯುತ್ತಿದ್ದೆ. ಕೈಗೆ ಜಾಲಿ ಮುಳ್ಳು ಹೊಕ್ಕರೆ ಅಣ್ಣ ಕಡಿಯುವುದನ್ನು ಬಿಟ್ಟು ಬಂದು ತೆಗೆಯುತ್ತಿದ್ದ, ತೆಗೆಯುತ್ತಾ ಬಯ್ಯುತ್ತಿದ್ದ. ಮಧ್ಯಾಹ್ನಕ್ಕೆ ಅತ್ತಿಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತರುತ್ತಿದ್ದರು. ಗೌರಿ ಹಬ್ಬಕ್ಕೆ ಹೋದರೆ ನಾನು ಬಾಗಿನ ಹಿಡಿದು ಚಾಪೆಯ ಮೇಲೆ ಕೂರುವ ನೆಂಟಳು. ಸೌದೆಗೆ ಹೋದರೆ ಮಾತ್ರ ಆ ಮನೆಯ ಹುಡುಗಿ.

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಸೌದೆ ಒಟ್ಟುವಾಗ ಎಲ್ಲಕ್ಕಿಂತ ಕೆಳಗೆ ಹಾಕುವ ದಪ್ಪ ತುಂಡಿಗೆ ಅಡಿಗೊರಡು ಎನ್ನುತ್ತೇವೆ. ಮರ ಯಾರದೋ ಅವರೇ ಅದನ್ನು ಇಡಬೇಕು, ಬೇರೆಯವರು ಇಟ್ಟರೆ ಗೆದ್ದಲು ಹತ್ತುತ್ತದಂತೆ. ನಾನು ವಿಜ್ಞಾನದ ಮೇಡಮ್ಮು, ಇದಕ್ಕೆ ನಗುತ್ತಿದ್ದೆ. ನಗುತ್ತಲೇ ಇಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಜಮೀನ್ದಾರಳ ಹಾಗೆ ನಿಲ್ಲುತ್ತಿದ್ದೆ. ಆಮೇಲೆ ಅಣ್ಣ ಉಳಿದದ್ದನ್ನು ಒಟ್ಟಿ, ಒಣಗಿದ ಮೇಲೆ ಒಂದು ಗಾಡಿ ನಮ್ಮ ಮನೆಗೆ ಕಳಿಸುತ್ತಿದ್ದ.

ಹೀಗಿರುವಾಗ ನಮಗೆ ಗ್ಯಾಸು ಬಂತು. ಬಂದ ಸಡಗರದಲ್ಲಿ ಬಚ್ಚಲೊಲೆ ಒಡೆಸಿ ಟೈಲ್ಸು ಹಾಕಿಸಿದೆ. ಅಣ್ಣನಿಗೆ ಒಂದು ಕಾರ್ಡು ಬರೆದೆ: 'ಗ್ಯಾಸ್ ಬಂದಿದೆ, ಇನ್ನು ಮುಂದೆ ಸೌದೆ ಬೇಡ.' ಬರೆಯುವಾಗ ಎಂಥ ಬಿಂಕ! ಸಂಕ್ರಾಂತಿ ಬಂದಾಗ ಗೊತ್ತಾಯಿತು, ಗೌರಿ ಹಬ್ಬ ಬಿಟ್ಟರೆ ನನಗೆ ಊರಿಗೆ ಹೋಗಲು ಬೇರೆ ಕಾರಣವೇ ಉಳಿದಿಲ್ಲ. ಸುಮ್ಮನೆ ಹೋದರೆ ಅತ್ತಿಗೆ, "ಯಾಕವ್ವ, ಅವರ್ ಕೂಡ ಜಗಳ ಏನಾರ ಆಯ್ತಾ?" ಎನ್ನುತ್ತಾರೆ. ಅಣ್ಣನಾದರೂ ಕರೆಯಬಹುದಿತ್ತು, ಕರೆಯಲಿಲ್ಲ. ಹೀಗೆ ಮೂರು ಸಂಕ್ರಾಂತಿ ಕಳೆದವು. ಜನವರಿಯ ಬಿಸಿಲಿನಲ್ಲಿ ಪಾಠ ಮಾಡುತ್ತಿರುವಾಗ ಎಲ್ಲಾದರೂ ಕೊಡಲಿ ಸದ್ದು ಕೇಳಿದರೆ ಪಾಠ ಬಿಟ್ಟು ಕಿಟಕಿಗೆ ಹೋಗುತ್ತಿದ್ದೆ. ಅಣ್ಣನ ಹಿಂದೆ ಮಚ್ಚು ಹಿಡಿದು ನಡೆಯಬೇಕೆಂದು ಜೀವ ಹಂಬಲಿಸುತ್ತಿತ್ತು.

ನಾಲ್ಕನೆಯ ವರ್ಷ ತಡೆಯಲಾಗಲಿಲ್ಲ. ಪಹಣಿಯಲ್ಲಿ ನನ್ನ ಹೆಸರು ಸರಿಯಾಗಿದೆಯೋ ನೋಡಬೇಕು ಎಂಬ ನೆಪ ಹೂಡಿಕೊಂಡು ಹೋದೆ. ಅಣ್ಣ ಕೊಡಲಿ ಹಿಡಿದು ಕಾಡಿಗೆ ಕರೆದುಕೊಂಡು ಹೋದ. ನೋಡುತ್ತೇನೆ, ಒಂದೊಂದು ಮರದ ಕೆಳಗೂ ಕಡಿದ ಸೌದೆ ಹರಡಿ ಬಿದ್ದಿದೆ! ಹೊಸದು ಕೆಲವು, ಉಳಿದವು ಮಳೆಗೆ ಕಪ್ಪಾಗಿ, ಮುಟ್ಟಿದರೆ ಪುಡಿಪುಡಿ.

"ಏನಣ್ಣಾ ಇದು? ಕಡಿದು ಹಿಂಗೆ ಬಿಟ್ಟಿದೀಯ, ಒಟ್ಟಬಾರದಿತ್ತಾ? ಎಲ್ಲಾ ಗೆದ್ದಲು ತಿಂದುಹೋಗಿದೆ!"

"ಅಡಿಗೊರಡು ಯಾರಿಕ್ತಾರೆ? ಮರ ನಂದಾ?"

"ನೀನೇ ಇಡಬಹುದಿತ್ತಲ್ಲ?"

"ನಾನಿಕ್ಕಿದ್ರೆ ಗೆದ್ಲು ಹತ್ತಾಕಿಲ್ವಾ?" ಎಂದ ಅಣ್ಣ, ಗೆದ್ದಲಿನ ಮಧ್ಯೆಯೇ ನಿಂತುಕೊಂಡು.

"ಸೌದೆ ಬೇಡ ಅಂತ ಕಾರ್ಡು ಬರೆದಿದ್ದೆನಲ್ಲ."

"ಬರ್ದಿದ್ದೆ. ಸೌದೆ ಬ್ಯಾಡ ಅಂತ ಬರ್ದಿದ್ದೆ, ಬರಾಕಿಲ್ಲ ಅಂತ ಬರ್ದಿರ್ಲಿಲ್ಲ." ಕೊಡಲಿಯ ಬಾಯಿಗೆ ಹೆಬ್ಬೆರಳು ಆಡಿಸುತ್ತಾ ಮರದ ಕಡೆ ತಿರುಗಿದ. "ವರ್ಸಾವರ್ಸ ಕಡ್ದಾಕಿ, ಈ ಭಾನ್ವಾರ ಬತ್ತಾಳೆ, ಬರೋ ಭಾನ್ವಾರ ಬತ್ತಾಳೆ ಅಂತ ನೋಡ್ದೆ ಕಣವ್ವ."

ನನಗೆ ಅಳು ಬಂತು. ಕಣ್ಣಿಗೆ ಗೆದ್ದಲು ಮಣ್ಣು ಬಿತ್ತು ಎಂದೆ. ಅಲ್ಲಿದ್ದದ್ದರಲ್ಲೇ ಅತಿ ದಪ್ಪದ ಹೊಂಗೆ ಕೊರಡನ್ನು ಆರಿಸಿ, ಏದುಸಿರು ಬಿಡುತ್ತಾ ಎತ್ತಿ ತಂದು ಇಟ್ಟೆ. ಅಣ್ಣ ಕೈ ಹಾಕಲಿಲ್ಲ, ಪದ್ಧತಿ ಎಂದರೆ ಪದ್ಧತಿ. ಇಟ್ಟವಳೇ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಅಣ್ಣಾ, ಗ್ಯಾಸಿನ ನೀರು ನನಗೆ ಆಗಿಬರಲ್ಲ, ಮಂಡಿನೋವು. ಇನ್ಮೇಲೆ ಸೌದೆ ಬೇಕು." ಅಣ್ಣ, "ನಾನ್ ಅವತ್ತೇ ಅನ್ಕಂಡೆ" ಎಂದು ಕೊಡಲಿ ಎತ್ತಿದ. ಅವತ್ತು ಅವನು ಕಡಿದ ಹಾಗೆ ಯಾವತ್ತೂ ಕಡಿದಿರಲಿಲ್ಲ.

ಈಗ ನಮ್ಮ ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಹಳೆಯ ಹಂಡೆ. ಮುಂದಿನ ಸಂಕ್ರಾಂತಿಯೊಳಗೆ ಒಂದು ಗಾಡಿ ಸೌದೆ ಖಾಲಿಯಾಗಲೇಬೇಕು, ಇಲ್ಲದಿದ್ದರೆ ನಾನು ಹೋಗುವುದು ಹೇಗೆ? "ಏಪ್ರಿಲ್ ತಿಂಗಳಲ್ಲಿ ಬಿಸಿನೀರು ಹುಯ್ಕೊಂಡು ಬೆವರೋರು ಇಡೀ ಊರಲ್ಲಿ ನಾವೇ ಕಣೇ" ಎಂದು ಯಜಮಾನರು ಗೊಣಗುತ್ತಾರೆ. ನಿಮ್ಮ ಮಂಡಿಗೂ ಒಳ್ಳೆಯದು ಎಂದು ಇನ್ನೊಂದು ಚೊಂಬು ಹುಯ್ಯುತ್ತೇನೆ.

ಒಂದೇ ಪೇಚಾಟ. ಆ ಹೊಂಗೆ ಕೊರಡು ಎತ್ತಿದ್ದರ ಫಲವೋ ಏನೋ, ಈಚೆಗೆ ನನ್ನ ಎಡಮಂಡಿ ನಿಜವಾಗಿಯೂ ನೋಯುತ್ತಿದೆ. ಬಾಯಿಬಿಟ್ಟರೆ, ಸೌದೆ ನೀರಿನಿಂದಲೂ ಗುಣವಿಲ್ಲವಲ್ಲ ಎಂದು ಯಜಮಾನರು ಮಾರನೆಯ ದಿನವೇ ಹಂಡೆ ಇಳಿಸುತ್ತಾರೆ. ಅದಕ್ಕೇ ಈಗ ಕುಂಟದೆ ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.