ಅಯ್ಯೋ ಅಂದವನಿಗೆ ಫೀಲ್ಡಿಂಗ್

ಕರೆದವರಿಗೆ ಯಾರನ್ನು ಕರೆದೆ ಅಂತ ಗೊತ್ತಿಲ್ಲ, ಕರೆಸಿಕೊಂಡವರಿಗೆ ಕೇಳಿಸಿಲ್ಲ. ಏನದು? ತಲೆ ಕೆಡಿಸಿಕೊಳ್ಳಬೇಡಿ. ಹತ್ತನೇ ಕ್ಲಾಸನ್ನು ಎರಡೆರಡು ಸಲ ಓದಿದ ನನಗೇ ಗೊತ್ತಿರಲಿಲ್ಲ. ದಿಲ್ಲಿಯ ಜನಕಪುರಿಯ ನಮ್ಮ ಗಲ್ಲಿಯಲ್ಲಿ ಇಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ.

೧. ಬಿಳಿ ದುಪಟ್ಟಾ

ಹಾಲು ಉಕ್ಕಿದರೆ ಅಮ್ಮ "ಅಯ್ಯೋ" ಅನ್ನುತ್ತಾಳೆ. ಸರಿ. ಚಿಕ್ಕಮ್ಮನಿಗೆ ಗಂಡು ಗೊತ್ತಾಯಿತು ಅಂತ ಊರಿಂದ ಫೋನ್ ಬಂದಾಗಲೂ ಅದೇ ಅಯ್ಯೋ, ಇನ್ನೂ ಜೋರಾಗಿ. ಪಕ್ಕದ ಮನೆಯ ಪಂಜಾಬಿ ಆಂಟಿ ಯಾರೋ ತೀರಿಕೊಂಡರು ಅಂದುಕೊಂಡು ಬಿಳಿ ದುಪಟ್ಟಾ ಹೊದ್ದು ಬಂದರು. ಅಮ್ಮ ಲಾಡು ಕೊಟ್ಟಳು. ಆಂಟಿ ಅಳುತ್ತಲೇ ತಿಂದರು.

೨. ಕ್ಯಾಪ್ಟನ್ನನ ಕಾನೂನು

ಕ್ಯಾಚ್ ಬಿಟ್ಟಾಗ ಒಮ್ಮೆ ನನ್ನ ಬಾಯಿಂದಲೂ ಅದು ಬಿತ್ತು. ಗಲ್ಲಿ ಟೀಮಿನ ಕ್ಯಾಪ್ಟನ್ ಅದನ್ನೇ ನನ್ನ ಹೆಸರು ಮಾಡಿದ. ಬ್ಯಾಟಿಂಗ್ ಕೇಳಿದರೆ, ಅಯ್ಯೋ ಅನ್ನುವವನಿಗೆ ಬರೀ ಫೀಲ್ಡಿಂಗ್ ಅಂತ ಕಾನೂನು. ಹಾಗಾದರೆ ಗಾಬರಿಯಲ್ಲಿ ನೀನೂ ಅಯ್ಯೋ ಅಂದ ದಿನ ನಿನ್ನ ಓಪನಿಂಗ್ ನನಗೆ, ಅಂದೆ.

"ಚಲೋ, ಮಂಜೂರ್," ಅಂದ, ಇಡೀ ಟೀಮಿನೆದುರು.

ಅಂದಿನಿಂದ ಬೇಕಂತಲೇ ಚೆಂಡು ಬಿಡತೊಡಗಿದೆ. ಪಾಪ, ಸಂಜೆಯಿಡೀ "ಅಯ್ಯೋ, ಅಯ್ಯೋ" ಅಂತ ನನ್ನನ್ನು ಕೂಗಿ ಕೂಗಿ ಅವನ ನಾಲಿಗೆ ತಯಾರಾಗುತ್ತಿತ್ತು.

೩. ಅಜ್ಜಿಯ ಪಾಠ

ಅಷ್ಟಕ್ಕೂ ಅಯ್ಯೋ ಅಂದರೇನು ಅಂತ ವಿಡಿಯೋ ಕಾಲ್‌ನಲ್ಲಿ ಅಜ್ಜಿಯನ್ನು ಕೇಳಿದೆ.

"ಅಯ್ಯ ಅಂದ್ರೆ ಅಪ್ಪ ಕಣೋ. ಕಷ್ಟ ಬಂದಾಗ ಅಪ್ಪನ್ನ ಕೂಗೋದು."

ಅಷ್ಟರಲ್ಲಿ ಮಂಡಿಗೆ ಟೀಪಾಯಿ ತಗುಲಿ ಅಪ್ಪ "ಅಮ್ಮಾ" ಅಂದರು. ಅಮ್ಮ ಕೂಗುವುದು ಅಪ್ಪನನ್ನು, ಅಪ್ಪ ಕೂಗುವುದು ಅಮ್ಮನನ್ನು. ಯಾರು ಕೂಗಿದರೂ ಮುಲಾಮು ಹಿಡಿದು ಓಡಬೇಕಾದವನು ನಾನು.

೪. ಓಪನಿಂಗ್

ಮೊನ್ನೆ ಕ್ಯಾಪ್ಟನ್ ಎತ್ತಿ ಬಾರಿಸಿದ. ಚೆಂಡು ನೇರ ಅವರಪ್ಪನ ಹೊಸ ಕಾರಿನ ಗಾಜಿಗೆ.

"ಅಯ್ಯೋ," ಅಂದ.

ಅವರ ಮನೆಯ ಬಾಗಿಲು ತೆರೆಯಿತು. ಅರ್ಧ ಮುಖಕ್ಕೆ ಶೇವಿಂಗ್ ನೊರೆ, ಮೈಮೇಲೆ ಬನಿಯನ್, ಅವರಪ್ಪ ನಿಂತಿದ್ದರು. ಯಾರು ಕೂಗಿದ್ದು ಅಂತ ಕೇಳಿದರು.

"ನಿಮ್ಮ ಮಗನೇ ಅಂಕಲ್. ಕರೆದದ್ದೂ ನಿಮ್ಮನ್ನೇ," ಅಂದು ಅವನ ಕೈಯಿಂದ ಬ್ಯಾಟ್ ತಗೊಂಡೆ.

ಗಾಜು ಒಡೆದದ್ದು ನಿಜ. ಅಯ್ಯೋ ಅಂದದ್ದು ನಿಜ. ಈಗ ದಿನಾ ಓಪನಿಂಗ್ ನನ್ನದೇ, ಬೇಕಾದರೆ ಬಂದು ನೋಡಿ. ಅವರಪ್ಪ ಮಾತ್ರ ಆ ಹೊತ್ತು ಫರೀದಾಬಾದಿನ ಫ್ಯಾಕ್ಟರಿಯಲ್ಲಿದ್ದರು. ಕಥೆಗೋಸ್ಕರ ಅವರಿಗೆ ನೊರೆ ಹಚ್ಚಿ ಬಾಗಿಲಿಗೆ ತಂದು ನಿಲ್ಲಿಸಿದವನು ನಾನು. ಅಷ್ಟು ಚೆನ್ನಾಗಿ ಕರೆದಿದ್ದಾನೆ, ಯಾರೂ ಬರದಿದ್ದರೆ ಹೇಗೆ?